ಮೊಲದ ಕಣ್ಣು, ಬಾಕ್ಸರ್ ನಾಯಿಯ ಕಣ್ಣು

ಕಣ್ಣಿನ ಗಾಯಕ್ಕೆ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಂಡಿನಂಥ ವಸ್ತು) ಹನಿ ಹಾಕಿದರು, ಇಲಿಗೆ ಬೇಗ ವಾಸಿಯಾಯಿತು ಎಂಬ ಸುದ್ದಿ ಕಂಡಾಗ ನಾನು ಮೂರು ವಿಷಯ ಹುಡುಕುತ್ತೇನೆ. ಗಾಯ ಹೇಗಾಯಿತು? ಔಷಧ ಎಷ್ಟು ಹೊತ್ತಿಗೆ ಬಿತ್ತು? ಔಷಧ ಹಾಕದೆ ಬಿಟ್ಟ ಇಲಿಯ ಕಣ್ಣು ಏನಾಯಿತು? ಔಷಧದ ಹೆಸರು, ಫೋಟೊ, ಕಂಪನಿ ಎಲ್ಲ ಆಮೇಲೆ.

ನಾನು ಮೈಸೂರಿನಲ್ಲಿ ನಾಯಿ, ಬೆಕ್ಕು ನೋಡುವ ಪಶುವೈದ್ಯೆ. ಓದಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ. ಕಣ್ಣಿನ ಹುಣ್ಣು ನನ್ನ ಟೇಬಲ್ಲಿಗೆ ಬಾರದ ವಾರವಿಲ್ಲ. ಪಗ್, ಶಿಟ್ಜುಗಳ ಉಬ್ಬುಗಣ್ಣು, ಬೆಕ್ಕು ಪರಚಿದ ಕಣ್ಣು, ಪೊದೆಗೆ ನುಗ್ಗಿ ಮುಳ್ಳು ತಾಗಿಸಿಕೊಂಡ ಕಣ್ಣು. ಇತ್ತೀಚೆಗೆ ವಯಸ್ಸಾದ ಬಾಕ್ಸರ್ ನಾಯಿಯೊಂದನ್ನು ಕರೆತಂದ ಹಿರಿಯರೊಬ್ಬರು ಫೋನ್ ನನ್ನ ಮುಂದೆ ಹಿಡಿದರು. "ಮೇಡಂ, ಇದನ್ನ ಇಲಿ ಕಣ್ಣಿಗೆ ಹಾಕಿದ್ರೆ ನಾಲ್ಕೈದು ದಿನಕ್ಕೆ ವಾಸಿಯಂತೆ. ನಮ್ಮ ಟೈಗರ್‌ಗೂ ತರಿಸಿಬಿಡ್ಲಾ?" ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ವಾರಗಟ್ಟಲೆ ಕಣ್ಣು ಮುಚ್ಚಿಕೊಂಡು ಮೂಲೆ ಹಿಡಿದ ನಾಯಿಯನ್ನು ನೋಡುತ್ತಾ ಕೂರುವುದು ಸುಲಭವಲ್ಲ. ಅವರಿಗೆ ನಿಂತಲ್ಲೇ ಹೇಳಿದ್ದು ಕಡಿಮೆಯಾಯಿತು. ಹಾಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಣ್ಣು ತಾನೇ ಹೇಗೆ ವಾಸಿಯಾಗುತ್ತದೆ ಅಂತ ನೋಡಬೇಕು. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ. ಮನುಷ್ಯರಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ ಮೇಲ್ಪದರ. ಐದಾರು ಸಾಲು ಜೀವಕೋಶಗಳು, ಅಷ್ಟೆ. ಅಲ್ಲಿ ರಕ್ತನಾಳ ಇಲ್ಲ. ಆದರೆ ನರದ ತುದಿಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಧೂಳಿನ ಕಣ ಬಿದ್ದರೂ ಕಣ್ಣು ಬಿಡಲಾಗದಷ್ಟು ನೋವಾಗುವುದು ಅದಕ್ಕೇ.

ಮೇಲ್ಪದರ ಕೆರೆದುಹೋದರೆ ಫ್ಲೋರೆಸಿನ್ ಎಂಬ ಬಣ್ಣದ ಪಟ್ಟಿ ಹೇಳಿಕೊಡುತ್ತದೆ. ಕಿತ್ತಳೆ ಬಣ್ಣದ ತುದಿಗೆ ಒಂದು ಹನಿ ಸಲೈನ್ ಬಿಟ್ಟು ರೆಪ್ಪೆಯ ಒಳಗೆ ಮುಟ್ಟಿಸಿ, ಮತ್ತೆ ಸಲೈನಿನಲ್ಲಿ ತೊಳೆದು, ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಡುತ್ತೇನೆ. ಮೇಲ್ಪದರ ಇರುವ ಕಡೆ ಬಣ್ಣ ನಿಲ್ಲುವುದಿಲ್ಲ. ಹೋಗಿರುವ ಕಡೆ ಕಡು ಹಸಿರು ಹೊಳೆಯುತ್ತದೆ. ಗಾಯದ ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮಾರನೇ ದಿನ ಮತ್ತೆ ನೋಡಿದರೆ ಆ ಹಸಿರು ಚಿಕ್ಕದಾಗಿರುತ್ತದೆ. ಅಂಚಿನ ಕೋಶಗಳು ತಮ್ಮ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಮಧ್ಯಕ್ಕೆ ಜಾರುತ್ತಾ ಬಂದಿರುತ್ತವೆ. ಮೊದಲ ಹಂತದಲ್ಲಿ ಹೊಸ ಕೋಶ ಹುಟ್ಟುವುದಕ್ಕಿಂತ ಇರುವ ಕೋಶ ಜಾರುವುದೇ ಮುಖ್ಯ. ಆಮೇಲೆ ಕಪ್ಪು ಬಿಳುಪು ಸೇರುವ ಅಂಚಿನಲ್ಲಿರುವ ಮೂಲಕೋಶಗಳಿಂದ ಹೊಸ ಕೋಶಗಳು ಬಂದು ಪದರ ತುಂಬುತ್ತದೆ. ಆರೋಗ್ಯವಾಗಿರುವ ಪ್ರಾಣಿಗೆ, ಸೋಂಕು ತಗುಲದ ಸಣ್ಣ ಗೀರಿಗೆ, ಎರಡು ಮೂರು ದಿನ ಸಾಕು. ಯಾರೂ ಏನೂ ಮಾಡದಿದ್ದರೂ.

ಇಲ್ಲೇ ನನ್ನ ತಕರಾರು ಶುರುವಾಗುವುದು. ಪ್ರಯೋಗಶಾಲೆಯ ಮೊಲ ಎಳೆಯದು, ಆರೋಗ್ಯವಾಗಿರುವಂಥದ್ದು. ಅರಿವಳಿಕೆ ಕೊಟ್ಟು, ಒಂದೇ ಕಣ್ಣಿನಲ್ಲಿ, ಅಳತೆ ಮಾಡಿದ ವೃತ್ತದೊಳಗೆ ಮೇಲ್ಪದರ ಕೆರೆದು ತೆಗೆಯುತ್ತಾರೆ. ಆ ಕಣ್ಣು ಹೇಗೂ ವಾಸಿಯಾಗುತ್ತದೆ. ಔಷಧದಿಂದ ಉಳಿಯುವುದು ಕೆಲವು ಗಂಟೆ. ಗ್ರಾಫ್‌ನಲ್ಲಿ ಆ ಗಂಟೆಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ ನನ್ನ ಹತ್ತಿರ ಬರುವ ನಾಯಿಯ ಕಷ್ಟ ಗಂಟೆಗಳದ್ದಲ್ಲ. ಆರು ವಾರವಾದರೂ ಮುಚ್ಚದ ಗಾಯ ಅದು.

ಮೊಲದ ಕಣ್ಣೂ ಬೇರೆ ಥರ. ನಾವು ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿದರೆ, ಮೊಲ ಗಂಟೆಗೆ ಹತ್ತು ಹನ್ನೆರಡು ಸಲ ಬಡಿದರೆ ಜಾಸ್ತಿ. ಹಾಕಿದ ಹನಿ ಕಣ್ಣಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾರ್ನಿಯಾದ ಒಳಗಿನ ಕೊನೆಯ ಪದರದ ಕೋಶಗಳು ಮೊಲದಲ್ಲಿ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಒಮ್ಮೆ ಹೋದರೆ ಹೋಯಿತು. ಸುಂಡಿಲಿಯ ಕಾರ್ನಿಯಾ ಬರೀ 0.1 ಮಿಲಿಮೀಟರ್ ಆಸುಪಾಸು. ಅಲ್ಲಿ ತಳದವರೆಗೆ ಇಳಿದ ಔಷಧ ನಮ್ಮಲ್ಲೂ ಇಳಿಯುತ್ತದೆ ಎನ್ನಲು ಬರುವುದಿಲ್ಲ. ಅದೂ ಅಲ್ಲದೆ ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಣಿ. ಕಣ್ಣೀರಿನಲ್ಲೇ ಅದನ್ನು ತುಂಡರಿಸುವ ಕಿಣ್ವಗಳಿವೆ. ಒಂದು ಹನಿಯಲ್ಲಿ ಬಹುಪಾಲು ಕೆಲವೇ ನಿಮಿಷದಲ್ಲಿ ಮೂಗಿನ ಕಡೆ ಇಳಿದುಹೋಗುತ್ತದೆ.

ಹಾಗಾದರೆ ಮೊಲದ ಪ್ರಯೋಗ ದಂಡವೇ? ಖಂಡಿತ ಇಲ್ಲ. ಜಪಾನಿನ ಯಮಗುಚಿ ವಿಶ್ವವಿದ್ಯಾಲಯದ ತೆರುವೊ ನಿಶಿಡಾ ಅವರ ತಂಡ ಮಾಡಿದ ಕೆಲಸ ನೋಡಿ. ನನಗೆ ಈ ವಿಷಯದಲ್ಲಿ ತುಂಬ ಗೌರವ ಇರುವುದು ಅವರ ಮೇಲೆ.

ಅವರು ಕೇಳಿದ ಪ್ರಶ್ನೆ ಸರಳ. ನರ ಸತ್ತ ಕಣ್ಣಿನಲ್ಲಿ ಗಾಯ ಯಾಕೆ ಮಾಯುವುದಿಲ್ಲ? ಕಣ್ಣಿನ ಸರ್ಪಸುತ್ತು, ಸಕ್ಕರೆ ಕಾಯಿಲೆ, ಮುಖದ ಸ್ಪರ್ಶದ ನರದ ಆಪರೇಷನ್, ಇವುಗಳಿಂದ ಕಾರ್ನಿಯಾದ ನರ ಹಾಳಾದವರಿಗೆ ನೋವೇ ಗೊತ್ತಾಗುವುದಿಲ್ಲ. ಆದರೆ ಗಾಯ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅಂದರೆ ನರಗಳು ನೋವಿನ ಸುದ್ದಿ ಒಯ್ಯುವುದರ ಜೊತೆಗೆ ಮೇಲ್ಪದರಕ್ಕೆ ಏನನ್ನೋ ಕೊಡುತ್ತಲೂ ಇವೆ. ಹಾಗೆ ಕೊಡುವುದರಲ್ಲಿ ಒಂದು ಸಬ್‌ಸ್ಟೆನ್ಸ್ ಪಿ. 1931ರಲ್ಲೇ ಪತ್ತೆಯಾಗಿದ್ದ, 11 ಅಮೈನೋ ಆಮ್ಲಗಳ ಪೆಪ್ಟೈಡ್ ಅದು.

ನಿಶಿಡಾ ತಂಡ ಮೊಲದ ಕಾರ್ನಿಯಾದ ತುಂಡುಗಳನ್ನು ಪೋಷಕ ದ್ರವದಲ್ಲಿ ಇಟ್ಟು, ಕತ್ತರಿಸಿದ ಅಂಚಿನ ಮೇಲೆ ಕೋಶಗಳು ಎಷ್ಟು ದೂರ ಜಾರಿದವು ಅಂತ ಅಳೆಯಿತು. ಬರೀ ಸಬ್‌ಸ್ಟೆನ್ಸ್ ಪಿ ಹಾಕಿದರೆ ಏನೂ ಆಗಲಿಲ್ಲ. ಇನ್ಸುಲಿನ್‌ಗೆ ಹತ್ತಿರದ ಐಜಿಎಫ್-1 ಎಂಬುದನ್ನು ಒಂದೇ ಹಾಕಿದರೂ ಏನೂ ಆಗಲಿಲ್ಲ. ಎರಡನ್ನೂ ಸೇರಿಸಿದಾಗ ಕೋಶಗಳು ಜಾರತೊಡಗಿದವು. ಇದು ಪ್ರಕಟವಾದದ್ದು 1996ರಲ್ಲಿ. ಅವರು ಅಲ್ಲಿಗೆ ನಿಲ್ಲಲಿಲ್ಲ. ಇಡೀ ಸಬ್‌ಸ್ಟೆನ್ಸ್ ಪಿ ರಕ್ತನಾಳ ಹಿಗ್ಗಿಸುತ್ತದೆ, ಉರಿಯೂತಕ್ಕೂ ದಾರಿ ಮಾಡುತ್ತದೆ. ಅದರಲ್ಲಿ ಕೆಲಸಕ್ಕೆ ಬೇಕಾದ ಭಾಗ ಯಾವುದು ಅಂತ ಹುಡುಕುತ್ತಾ ಹೋದರು. ಬಾಲದ ಕಡೆಯ ನಾಲ್ಕೇ ಅಮೈನೋ ಆಮ್ಲ ಸಾಕು ಅಂತ ಗೊತ್ತಾಯಿತು. ಐಜಿಎಫ್-1ರಲ್ಲೂ ಅಷ್ಟೆ, ಮೂರು ಸೆರೀನ್, ಒಂದು ಆರ್ಜಿನೀನ್ ಇರುವ ನಾಲ್ಕರ ತುಂಡು ಸಾಕಾಯಿತು.

ಆಮೇಲೆ ಅವರು ಗಾಯ ಮಾಯದ ಪ್ರಾಣಿಯನ್ನೇ ಪರೀಕ್ಷೆಗೆ ತಂದರು. ನನಗೆ ಇಷ್ಟವಾದದ್ದು ಈ ಹೆಜ್ಜೆ. ಇಲಿಯ ಮುಖದ ಸ್ಪರ್ಶದ ನರವನ್ನು ಸುಟ್ಟು ಕಣ್ಣಿನ ಸ್ಪರ್ಶ ಹೋಗುವಂತೆ ಮಾಡಿದರು. ಸಕ್ಕರೆ ಕಾಯಿಲೆಯ ಇಲಿಗಳಲ್ಲೂ ನೋಡಿದರು. ಎಳೆಯ ಇಲಿಮರಿಗಳಿಗೆ ಕ್ಯಾಪ್ಸೈಸಿನ್ ಕೊಟ್ಟು ಸಬ್‌ಸ್ಟೆನ್ಸ್ ಪಿ ಇರುವ ನರಗಳನ್ನೇ ಇಲ್ಲವಾಗಿಸುವ ವಿಧಾನವೂ ಇದೆ. ಕ್ಯಾಪ್ಸೈಸಿನ್ ಅಂದರೆ ನಮ್ಮ ಮೆಣಸಿನಕಾಯಿಯ ಖಾರವೇ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೆ ಈ ನರಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಇಂಥ ಇಲಿಗಳಲ್ಲಿ ನಿಧಾನವಾಗಿದ್ದ ಗಾಯ ಪೆಪ್ಟೈಡ್ ಜೋಡಿ ಹಾಕಿದಾಗ ಬೇಗ ಮುಚ್ಚಿತು. ಇದು ಪ್ರಾಣಿಗೆ ಕಷ್ಟ ಕೊಟ್ಟು ಪಡೆದ ಉತ್ತರ, ಅದನ್ನು ನಾನು ಮರೆಯುವುದಿಲ್ಲ. ಆದರೆ ಇಲ್ಲಿ ಕೇಳಿದ ಪ್ರಶ್ನೆಗೆ ತೂಕವಿತ್ತು.

ಈ ಜೋಡಿಯನ್ನು ಮನುಷ್ಯರ ಮೇಲೂ ನೋಡಿದರು. 2008ರಲ್ಲಿ ಪ್ರಕಟವಾದ ವರದಿಯಲ್ಲಿ, ನರ ಸತ್ತು ಗಾಯ ಮುಚ್ಚದೇ ಇದ್ದ 26 ಕಣ್ಣುಗಳಲ್ಲಿ 19 ನಾಲ್ಕು ವಾರದೊಳಗೆ ಮುಚ್ಚಿದವು. ಆದರೆ ಹೋಲಿಕೆಗೆ ಸುಮ್ನೆ ಸಾದಾ ಹನಿ ಹಾಕಿಸಿಕೊಂಡ ಗುಂಪು ಇರಲಿಲ್ಲ.

ಈಗ ಬಾಕ್ಸರ್ ವಿಷಯಕ್ಕೆ ಬರುತ್ತೇನೆ. ನಡುವಯಸ್ಸು ದಾಟಿದ ನಾಯಿಗಳಿಗೆ, ಅದರಲ್ಲೂ ಬಾಕ್ಸರ್ ತಳಿಗೆ, ಒಂದು ವಿಚಿತ್ರ ಹುಣ್ಣು ಬರುತ್ತದೆ. ಸೋಂಕು ಇರುವುದಿಲ್ಲ. ಆಳವೂ ಇರುವುದಿಲ್ಲ. ಕೋಶಗಳು ಜಾರಿ ಗಾಯದ ಮೇಲೆ ಬರುತ್ತವೆ, ಆದರೆ ತಳಕ್ಕೆ ಅಂಟಿಕೊಳ್ಳುವುದಿಲ್ಲ. ತೇವ ಹಿಡಿದ ಗೋಡೆಯ ಮೇಲೆ ಬಣ್ಣ ಚಕ್ಕೆ ಎದ್ದ ಹಾಗೆ. ಫ್ಲೋರೆಸಿನ್ ಹಾಕಿದರೆ ಬಣ್ಣ ಆ ಚಕ್ಕೆಯ ಅಡಿಗೂ ಹರಿಯುತ್ತದೆ. ನಡುವೆ ಕಡು ಹಸಿರು, ಸುತ್ತ ಮಾಸಲು ಹಸಿರಿನ ಉಂಗುರ. ಅದನ್ನು ಕಂಡರೆ ಯಾವ ಕಾಯಿಲೆ ಅಂತ ಹೇಳಿಬಿಡಬಹುದು. ಮರಗಟ್ಟಿಸುವ ಹನಿ ಹಾಕಿ ಒಣ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿದರೆ ಪದರ ಸುಮ್ನೆ ಸುರುಳಿಯಾಗಿ ಎದ್ದು ಬರುತ್ತದೆ. ಗಟ್ಟಿಯಾಗಿ ಅಂಟಿರುವ ಜಾಗದವರೆಗೂ ಒರೆಸುತ್ತಾ ಹೋಗಬೇಕು. ಚುಕ್ಕೆಯಷ್ಟಿದ್ದ ಗಾಯ ಅರ್ಧ ಕಣ್ಣು ತುಂಬುವಷ್ಟು ಆಗಬಹುದು. ನೋಡುತ್ತಾ ನಿಂತ ಮನೆಯವರಿಗೆ ಇದು ಭಯ ಹುಟ್ಟಿಸುತ್ತದೆ. ಅದಕ್ಕೇ ಮೊದಲೇ ಹೇಳಿಡುತ್ತೇನೆ.

ಅಮೆರಿಕದ ಕ್ರಿಸ್ಟೋಫರ್ ಮರ್ಫಿ ಮತ್ತು ಜೊತೆಗಾರರು 2001ರಲ್ಲಿ ಇಂಥ ನಾಯಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಈ ನಾಯಿಗಳಿಗೆ ಯಾರೂ ಗಾಯ ಮಾಡಿರಲಿಲ್ಲ. ಅವು ರೋಗಿಗಳು. ಮನೆಯಿಂದ ಬಂದು ಮನೆಗೆ ಹೋಗುವ ಸಾಕುನಾಯಿಗಳು. ಗಾಯದ ಅಂಚಿನ ಸುತ್ತ ನರಗಳ ಜಾಲ ಸಾಮಾನ್ಯ ಕಣ್ಣಿಗಿಂತ ಬೇರೆಯಾಗಿತ್ತು ಅಂತ ಅವರು ತೋರಿಸಿದರು. ಸಬ್‌ಸ್ಟೆನ್ಸ್ ಪಿ ಹನಿಯನ್ನು ಕೆಲವಕ್ಕೆ ಐಜಿಎಫ್-1 ಜೊತೆ, ಕೆಲವಕ್ಕೆ ಅದಿಲ್ಲದೆ ಹಾಕಿದಾಗ ಶೇ. 70ರಿಂದ 75ರಷ್ಟು ನಾಯಿಗಳಿಗೆ ಗುಣವಾಯಿತು.

ಗಮನಿಸಿದಿರಾ? ಮೊಲದ ತುಂಡಿನಲ್ಲಿ ಒಂದೊಂದೇ ಹಾಕಿದರೆ ಏನೂ ಆಗುವುದಿಲ್ಲ, ಎರಡೂ ಬೇಕು. ನಾಯಿಯಲ್ಲಿ ಒಂದೇ ಹಾಕಿದರೂ ಎರಡು ಹಾಕಿದಷ್ಟೇ ಫಲ. ಯಾಕೆ? ನಾಯಿಯ ಕಣ್ಣೀರಿನಲ್ಲೇ ಐಜಿಎಫ್ ಇದ್ದಿರಬಹುದು. ಕಾಯಿಲೆಯೇ ಬೇರೆ ಇರಬಹುದು. ಗಾಯ ಮಾಡಿದ ಕಣ್ಣು ಮತ್ತು ಗಾಯವಾದ ಕಣ್ಣು ಒಂದೇ ಉತ್ತರ ಕೊಡುವುದಿಲ್ಲ. ನಾನು ಪಶುವೈದ್ಯೆಯಾಗಿ ಒತ್ತಿ ಹೇಳಬೇಕಾದದ್ದು ಇದೇ. ಹತ್ತಿಕಡ್ಡಿಯಿಂದ ಒರೆಸಿ, ಸೂಜಿಯಿಂದ ನವಿರಾಗಿ ಗೀರು ಎಳೆಯುವುದಕ್ಕೆ ಅಥವಾ ಡೈಮಂಡ್ ಬರ್ ಎಂಬ ಪುಟ್ಟ ಉಜ್ಜುವ ಸಾಧನ ಬಳಸುವುದಕ್ಕೆ ಇದೇ ಕಾಯಿಲೆಯಲ್ಲಿ ಅಷ್ಟೇ ಅಥವಾ ಅದಕ್ಕಿಂತ ಚೆನ್ನಾದ ಫಲ ಸಿಗುತ್ತದೆ. ಆದ್ದರಿಂದ ಪೆಪ್ಟೈಡ್ ಈ ಸರಳ ಕೆಲಸವನ್ನು ಮೀರಿಸಬೇಕು. ಏನೂ ಮಾಡದೆ ಬಿಟ್ಟ ಕಣ್ಣನ್ನು ಮೀರಿಸಿದರೆ ಸಾಲದು.

ಇನ್ನೊಂದು ಹೆಸರು ಥೈಮೋಸಿನ್ ಬೀಟಾ-4. ಮೊದಲು ಕರುವಿನ ಥೈಮಸ್ ಗ್ರಂಥಿಯಿಂದ ಬೇರ್ಪಡಿಸಿದ್ದು, 43 ಅಮೈನೋ ಆಮ್ಲ. ಡೆಟ್ರಾಯಿಟ್‌ನ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ಗೇಬ್ರಿಯಲ್ ಸೋಸ್ನೆ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. 2002ರ ಅಧ್ಯಯನದಲ್ಲಿ ಸುಂಡಿಲಿಯ ಕಣ್ಣಿಗೆ ಕ್ಷಾರದಿಂದ ಸುಟ್ಟ ಗಾಯ ಮಾಡಿ, ದಿನಕ್ಕೆರಡು ಸಲ ಈ ಹನಿ ಹಾಕಿದರು. ಮೇಲ್ಪದರ ಬೇಗ ಮುಚ್ಚಿತು, ಉರಿಯೂತದ ಬಿಳಿ ರಕ್ತಕಣಗಳೂ ಕಡಿಮೆ ಬಂದವು.

ಕ್ಷಾರದ ಸುಟ್ಟಗಾಯ ನಮ್ಮ ದೇಶಕ್ಕೆ ಹೊಸದಲ್ಲ. ಎಲೆಯಡಿಕೆಗೆ ಹಾಕುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಚುಕಿ, ಅದು ಒಡೆದು ಕಣ್ಣಿಗೆ ಸಿಡಿಯುವುದನ್ನು ಭಾರತದ ಕಣ್ಣಿನ ವೈದ್ಯರು ಎಷ್ಟೋ ಸಲ ಬರೆದಿದ್ದಾರೆ. ಆಮ್ಲಕ್ಕಿಂತ ಕ್ಷಾರ ಕೆಟ್ಟದ್ದು. ಕೋಶದ ಕೊಬ್ಬನ್ನು ಕರಗಿಸುತ್ತಾ ಒಳಗಿಳಿಯುತ್ತದೆ. ಅಂಚಿನ ಮೂಲಕೋಶಗಳು ಸುಟ್ಟುಹೋದರೆ ಕಣ್ಣಿಗೆ ಹೂ ಬಿದ್ದ ಹಾಗೆಯೇ. ಇದನ್ನು ಓದುವ ಯಾರಿಗಾದರೂ ಅಂಥ ಸಂದರ್ಭ ಬಂದರೆ ಹನಿ ಹುಡುಕುತ್ತಾ ಕೂರಬೇಡಿ. ನಲ್ಲಿ ನೀರು ಬಿಟ್ಟು, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಅರ್ಧ ಗಂಟೆ ತೊಳೆಯಿರಿ. ಸುಣ್ಣದ ಚೂರು ರೆಪ್ಪೆಯೊಳಗೆ ಸಿಕ್ಕಿದ್ದರೆ ತೆಗೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ. ಪ್ರಯೋಗದ ಸುಂಡಿಲಿಗೆ ಸುಟ್ಟ ಕೂಡಲೇ ತೊಳೆದು ಔಷಧ ಹಾಕುವವರು ಪಕ್ಕದಲ್ಲೇ ಇದ್ದರು. ಹಳ್ಳಿಯ ಮಗು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಷ್ಟೋ ಗಂಟೆ ಆಗಿರುತ್ತದೆ.

ಥೈಮೋಸಿನ್ ಹನಿ ಮನುಷ್ಯರ ಮೇಲಿನ ಪರೀಕ್ಷೆಗೂ ಬಂದಿತು. ನರ ಸತ್ತ ಕಣ್ಣಿನ 18 ಜನರಲ್ಲಿ, ಔಷಧ ಸಿಕ್ಕ 10 ಜನರ ಪೈಕಿ 6 ಮಂದಿಗೆ ನಾಲ್ಕು ವಾರದಲ್ಲಿ ಗಾಯ ಮುಚ್ಚಿತು. ಸಾದಾ ಹನಿ ಸಿಕ್ಕ 8 ಜನರಲ್ಲಿ ಒಬ್ಬರಿಗೆ. ಆಸೆ ಹುಟ್ಟಿಸುವ ಲೆಕ್ಕವೇ. ಆದರೆ ಇಷ್ಟು ಕಡಿಮೆ ಜನರಲ್ಲಿ, ಇದು ಆಕಸ್ಮಿಕವಲ್ಲ ಎನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಸ್ವಲ್ಪದರಲ್ಲಿ ಮುಟ್ಟಲಿಲ್ಲ. ಒಣಗಣ್ಣಿನ ಮೇಲೆ ಮಾಡಿದ ದೊಡ್ಡ ಪರೀಕ್ಷೆಗಳಲ್ಲಿ ಮುಖ್ಯ ಗುರಿ ಸಾಧಿಸಲಾಗಲಿಲ್ಲ.

ಹೋಲಿಕೆಯ ಗುಂಪು ಯಾಕೆ ಬೇಕು ಅಂತ ಕೇಳುವವರಿಗೆ ನರ ಬೆಳೆಸುವ ಎನ್‌ಜಿಎಫ್‌ನ ಕಥೆ ಹೇಳುತ್ತೇನೆ. ಇದು ಪೆಪ್ಟೈಡ್‌ಗಿಂತ ದೊಡ್ಡದು, 118 ಅಮೈನೋ ಆಮ್ಲಗಳ ಪ್ರೋಟೀನ್. ಇದನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂತು. 1998ರಲ್ಲಿ ಇಟಲಿಯ ವೈದ್ಯರು ಸುಂಡಿಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಎನ್‌ಜಿಎಫ್ ಅನ್ನು 12 ಜನರ 14 ಕಣ್ಣುಗಳಿಗೆ ಹಾಕಿದರು. ಎಲ್ಲ ಕಣ್ಣುಗಳೂ ಗುಣವಾದವು. ಹದಿನಾಲ್ಕಕ್ಕೆ ಹದಿನಾಲ್ಕು! ಆದರೆ ಹೋಲಿಕೆಯ ಗುಂಪು ಇರಲಿಲ್ಲ. ಮುಂದೆ ಯುರೋಪಿನಲ್ಲಿ 156 ಜನರ ಮೇಲೆ ಸರಿಯಾದ ಪರೀಕ್ಷೆ ನಡೆದು 2018ರಲ್ಲಿ ಪ್ರಕಟವಾಯಿತು. ಎಂಟು ವಾರದ ಕೊನೆಗೆ ಔಷಧದ ಗುಂಪಿನಲ್ಲಿ ಶೇ. 74 ಜನರಿಗೆ ಗುಣ. ಬರೀ ಸಾದಾ ಹನಿಯ ಗುಂಪಿನಲ್ಲಿ ಶೇ. 43. ಔಷಧ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. 2017ರಲ್ಲಿ ಯುರೋಪ್, 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿವೆ. ಆದರೆ ಆ 43ನ್ನು ನೋಡಿ. ಮಾಯುವುದೇ ಇಲ್ಲ ಅಂದುಕೊಂಡಿದ್ದ ಗಾಯಗಳಲ್ಲೂ ಅಷ್ಟು, ಪದೇ ಪದೇ ತೇವ ಮಾಡಿ, ಗಮನ ಕೊಟ್ಟು ನೋಡಿಕೊಂಡಿದ್ದಕ್ಕೇ ಮುಚ್ಚಿದವು. ಔಷಧವನ್ನು ದಿನಕ್ಕೆ ಆರು ಸಲ, ಎಂಟು ವಾರ ಹಾಕಬೇಕು. ಅಮೆರಿಕದಲ್ಲಿ ಒಂದು ಕೋರ್ಸಿಗೆ ಲಕ್ಷ ಡಾಲರ್ ಹತ್ತಿರ.

ಹಿರಿಯರು ಫೋನಿನಲ್ಲಿ ತೋರಿಸಿದ್ದು ಇದಾವುದೂ ಅಲ್ಲ. ಬಿಪಿಸಿ 157 ಅಂತ, 15 ಅಮೈನೋ ಆಮ್ಲದ ಪೆಪ್ಟೈಡ್. ಕ್ರೊಯೇಷಿಯಾದ ಝಾಗ್ರೆಬ್‌ನ ತಂಡ ಇಲಿಯ ಕಾರ್ನಿಯಾಕ್ಕೆ ತೂತು ಬೀಳುವ ಗಾಯ ಮಾಡಿ, ತಕ್ಷಣ ಹನಿ ಹಾಕಲು ಶುರುಮಾಡಿ, ಬೇಗ ಮುಚ್ಚಿತು ಎಂದು 2015ರಲ್ಲಿ ಬರೆದಿದೆ. ಈ ಪೆಪ್ಟೈಡ್ ಬಗ್ಗೆ ಇರುವ ಪ್ರಾಣಿ ಪ್ರಯೋಗಗಳಲ್ಲಿ ಬಹುಪಾಲು ಅದೇ ತಂಡದ್ದು. ಬೇರೆಯವರು ಬೇರೆ ಕಡೆ ಮಾಡಿ ನೋಡುವವರೆಗೆ ನಾನು ಕಾಯುತ್ತೇನೆ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಆ ಸೀಸೆ. ಪುಡಿ ರೂಪದಲ್ಲಿ, ಸಂಶೋಧನೆಗೆ ಮಾತ್ರ ಎಂದು ಅಚ್ಚು ಹಾಕಿ, ಆನ್‌ಲೈನಿನಲ್ಲಿ ಮಾರುತ್ತಾರೆ. ಮನೆಯಲ್ಲಿ ನೀರು ಬೆರೆಸಿ ಹನಿ ಮಾಡಬೇಕಂತೆ. ಮೇಲ್ಪದರ ಇಲ್ಲದ ಕಣ್ಣಿಗೆ ಶುದ್ಧವಲ್ಲದ ಒಂದು ಹನಿ ಬಿದ್ದರೂ, ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಕಾರ್ನಿಯಾವನ್ನು ಕರಗಿಸಿಬಿಡುತ್ತದೆ. ಬೇಡ, ದಯವಿಟ್ಟು ಬೇಡ ಅಂತ ಹೇಳಿದೆ. ಅವರು ನನ್ನ ಮಾತು ಕೇಳಿದರು.

ಟೈಗರ್‌ಗೆ ಪದರ ಒರೆಸಿ, ಗೀರು ಎಳೆದು, ಆ್ಯಂಟಿಬಯೋಟಿಕ್ ಹನಿ ಕೊಟ್ಟು, ಕೊರಳಿಗೆ ಕೋನ್ ಹಾಕಿ ಕಳಿಸಿದೆ. ಜೊತೆಗೆ ಅದರದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲಿನ ತಿಳಿಯನ್ನು ಶುದ್ಧ ಸೀಸೆಯಲ್ಲಿ ತುಂಬಿ ಹನಿಯಾಗಿ ಕೊಟ್ಟೆ, ಫ್ರಿಜ್‌ನಲ್ಲಿಡಲು ಹೇಳಿ. ರಕ್ತದ ಆ ತಿಳಿಯಲ್ಲಿ ಐಜಿಎಫ್-1, ಸಬ್‌ಸ್ಟೆನ್ಸ್ ಪಿ, ಎನ್‌ಜಿಎಫ್ ಎಲ್ಲ ಸ್ವಲ್ಪ ಸ್ವಲ್ಪ ಇರುತ್ತವೆ. ಎರಡನೇ ಭೇಟಿಯಲ್ಲಿ ಹಸಿರು ಒಂದು ಸಣ್ಣ ಗೆರೆಯಷ್ಟು ಉಳಿದಿತ್ತು, ಮೂರನೆಯದರಲ್ಲಿ ಇರಲಿಲ್ಲ. ಇದರಲ್ಲಿ ಗುಣ ಮಾಡಿದ್ದು ಗೀರೋ ತಿಳಿಯೋ ಅಂತ ಒಂದು ನಾಯಿಯಿಂದ ಹೇಳಲಾಗುವುದಿಲ್ಲ.

ಅದನ್ನು ಹೇಳಲು ಆಗುವಂಥ ಕೆಲಸ ನಮ್ಮಲ್ಲೇ ಆಗಬಹುದು ಅಲ್ವಾ? ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯ ಕಾಲೇಜುಗಳಿಗೆ ಇಂಥ ನಾಯಿಗಳು ತಾವಾಗಿಯೇ ಬರುತ್ತವೆ. ಯಾವ ಪ್ರಾಣಿಗೂ ಹೊಸದಾಗಿ ಗಾಯ ಮಾಡಬೇಕಿಲ್ಲ. ಎಲ್ಲ ನಾಯಿಗೂ ಪದರ ಒರೆಸುವ ಚಿಕಿತ್ಸೆ ಕೊಡಿ. ಅರ್ಧಕ್ಕೆ ಪೆಪ್ಟೈಡ್ ಹನಿ, ಅರ್ಧಕ್ಕೆ ಸಾದಾ ಹನಿ. ಸೀಸೆಯ ಮೇಲೆ ಬರೀ ನಂಬರ್ ಇರಲಿ, ಹಾಕುವವರಿಗೂ ಅಳೆಯುವವರಿಗೂ ಗೊತ್ತಾಗದಂತೆ. ವಾರಕ್ಕೊಮ್ಮೆ ನೀಲಿ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ. ಮನೆಯವರ ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಅನುಮತಿ. ಅದೇ ಕಾಯಿಲೆ, ಅದೇ ಹವೆ, ಅದೇ ಧೂಳು. ನನ್ನ ಕ್ಲಿನಿಕ್ಕಿಗೆ ಬಂದ ಬಾಕ್ಸರ್‌ಗಳ ಫೋಟೊ ಮತ್ತು ಅಳತೆಗಳನ್ನು ನಾನು ಜೋಡಿಸಿಟ್ಟಿದ್ದೇನೆ. ಯಾವುದಾದರೂ ಕಾಲೇಜಿನ ಸರ್ಜರಿ ವಿಭಾಗದಲ್ಲಿ ಇದನ್ನು ಕೈಗೆತ್ತಿಕೊಳ್ಳುವವರಿದ್ದರೆ ತಿಳಿಸಿ, ಅವನ್ನೆಲ್ಲ ಕೊಡುತ್ತೇನೆ, ನಾಯಿಗಳನ್ನೂ ಕಳಿಸುತ್ತೇನೆ.